ರೇಡಿಯೋದಲ್ಲಿ ಅತ್ತಿಯ ದನಿ

ಮೊನ್ನೆ ಸವಣೂರಿನ ಗುಜರಿ ಅಂಗಡಿಯಲ್ಲಿ ಹಳೆಯ ರೇಡಿಯೋ ಒಂದರ ತೊಗಲಿನ ಚೀಲ ಮೂಸಿದೆ; ನಮ್ಮ ಮನೆಯ ಪಡಸಾಲೆ ಕಣ್ಣ ಮುಂದೆ ಬಂತು.

ಅಪ್ಪನ ತಂಗಿ, ನನ್ನ ಅತ್ತಿ, ಮದುವೆಯಾದ ಮೇಲೂ ರೇಡಿಯೋ ನಾಟಕಗಳಲ್ಲಿ ಪಾತ್ರ ಮಾಡುತ್ತಿದ್ದಳು. ನಾಟಕ ಬರುವ ದಿನ ಓಣಿಯವರೆಲ್ಲ ಬಂದು ನಮ್ಮಲ್ಲಿ ಕೂರುತ್ತಿದ್ದರು. "ನನ್ನ ಮಗಳ ದನಿ ಊರೂರು ತಿರಗತೈತಿ," ಎಂದು ಅಜ್ಜಿ ಹಿಗ್ಗುತ್ತಿದ್ದಳು. ಒಂದು ವರ್ಷ ಮಳೆಗಾಲದಲ್ಲಿ ಅತ್ತಿ ಹಿರೇಕೆರೂರಿನ ಗಂಡನ ಮನೆಯಲ್ಲಿ ಜ್ವರ ಬಂದು ತೀರಿಕೊಂಡಳು. ಅಂದಿನಿಂದ ಅಪ್ಪ ರೇಡಿಯೋ ಮುಟ್ಟಲಿಲ್ಲ.

ಚಳಿಗಾಲದ ಒಂದು ಮಧ್ಯಾಹ್ನ ಪಕ್ಕದ ಮನೆಯ ಕಾಕಾ ಹಿತ್ತಲಿಂದ ಓಡಿ ಬಂದರು. "ರೇಡಿಯೋ ಹಚ್ರಿ, ನಿಮ್ಮ ತಂಗೀದು ನಾಟಕ ಬರಾಕತ್ತೈತಿ!" ಅದು ಹಿಂದೆಂದೋ ಧ್ವನಿಮುದ್ರಿಸಿ ಇಟ್ಟಿದ್ದ ನಾಟಕ. ಅಪ್ಪ "ಬ್ಯಾಡ" ಎಂದ. ಅಜ್ಜಿ ತಾನೇ ಗುಂಡಿ ತಿರುವಿದಳು.

ಗರಗರ ಸದ್ದಿನ ನಡುವೆ ಅತ್ತಿ ಮಾತಾಡಿದಳು, ನಕ್ಕಳು. ನನ್ನ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕೊನೆಯ ದೃಶ್ಯದಲ್ಲಿ ಬಾಗಿಲು ಬಡಿದ ಸದ್ದು ಕೇಳಿತು. "ಅವ್ವಾ, ನಾ ಬಂದೇನಿ. ಬಾಗಲಾ ತಗೀ," ಎಂದಳು ಅತ್ತಿ.

ಅಜ್ಜಿ ಗೋಡೆ ಹಿಡಿದು ಎದ್ದಳು.

"ಅವ್ವಾ, ಅದು ನಾಟಕ," ಎಂದ ಅಪ್ಪ.

"ಗೊತ್ತೈತೋ," ಎಂದಳು ಅಜ್ಜಿ. "ಆದ್ರೂ ಕರಿಯಾಕತ್ತಾಳಲ್ಲೋ."

ಹೋಗಿ ತಲಬಾಗಿಲ ಅಗಳಿ ತೆಗೆದಳು. ಓಣಿಯ ಬಿಸಿಲು ಪಡಸಾಲೆಯವರೆಗೂ ಬಂತು. ಬಾಗಿಲನ್ನು ಹಾಗೇ ಹಿಡಿದುಕೊಂಡು, ಒಬ್ಬರು ಒಳಗೆ ಬರುವಷ್ಟು ಪಕ್ಕಕ್ಕೆ ಸರಿದು ನಿಂತಳು.