ಹುಬ್ಬಳ್ಳಿಗೆ ಯಾರು?

ಹುಬ್ಬಳ್ಳಿಯ ಹೊಸ ಶಾಖೆಗೆ ಸುಧೀಂದ್ರ ಇಲ್ಲವೇ ವಾರಿಜಾ ಮುಖ್ಯಸ್ಥರಾಗುತ್ತಾರೆಂದು ಕಂಪನಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಸುಧೀಂದ್ರನ ಹೆಂಡತಿ, ಮಗಳು ಹುಬ್ಬಳ್ಳಿಯಲ್ಲೇ ಇದ್ದರು.

ಅವನು ತನ್ನ ತಂತ್ರಾಂಶವನ್ನು, ಕಂಪ್ಯೂಟರುಗಳನ್ನು ಬಾಡಿಗೆಗೆ ಒದಗಿಸುವ ಒಂದೇ ಕ್ಲೌಡ್ ಕಂಪನಿಯ ಸೌಲಭ್ಯಗಳಿಗೆ ಹೊಂದಿಸಿ ಬೇಗ ಮುಗಿಸಿದ್ದ. ವಾರಿಜಾ ತನ್ನದನ್ನು ಯಾವ ಕ್ಲೌಡ್‌ಗಾದರೂ ಸಾಗಿಸಬಹುದಾದಂತೆ ನಿಧಾನವಾಗಿ ಬರೆದಿದ್ದಳು.

"ಮದುವೆ ದಿನಾನೇ ತವರಿಗೆ ಹೊರಡೋಕೆ ಬ್ಯಾಗ್ ಕಟ್ಟಿಟ್ಟ ಹಾಗಿದೆ ಕಣ್ರೀ ನಿಮ್ಮ ಕೆಲಸ," ಎಂದು ಅವನು ಅಣಕಿಸಿದ್ದ.

ಆ ಕ್ಲೌಡ್ ಕಂಪನಿ ದರ ಏರಿಸಿದಾಗ ವಾರಿಜಾಳ ತಂತ್ರಾಂಶ ವಾರದೊಳಗೆ ಬೇರೆ ಕಡೆ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ನಗುತ್ತಾ ಕಾಫಿ ಕುಡಿಯುವುದನ್ನು ಕಂಡು ಸುಧೀಂದ್ರನಿಗೆ ಹೊಟ್ಟೆ ಉರಿಯಿತು. ಅವನ ತಂತ್ರಾಂಶ ಹಳೆಯ ಕ್ಲೌಡ್‌ನಿಂದ ಕದಲಲಿಲ್ಲ; ಅದರ ಒಳಗುಟ್ಟು ಬಲ್ಲವನು ಅವನೊಬ್ಬನೇ.

ಅವನು ನೇರವಾಗಿ ನಿರ್ದೇಶಕಿಯ ಕೋಣೆಗೆ ಹೋದ.

"ಮೇಡಂ, ವಾರಿಜಾ ಮಾಡಿದ್ದನ್ನ ಯಾರು ಬೇಕಾದ್ರೂ ನೋಡ್ಕೋಬಹುದು. ನನ್ನದು ಹಾಗಲ್ಲ, ನಾನಿಲ್ದೆ ಒಂದು ದಿನಾನೂ ನಡೆಯಲ್ಲ. ನೀವೇ ಹೇಳಿ, ಕಂಪನಿಗೆ ಯಾರು ಮುಖ್ಯ?"

"ನೀವೇ. ಅದರಲ್ಲಿ ಅನುಮಾನಾನೇ ಇಲ್ಲ."

ಅವನ ಮುಖ ಅರಳಿತು. "ಹಾಗಾದ್ರೆ ಹುಬ್ಬಳ್ಳಿಗೆ ಯಾವತ್ತು ಹೊರಡಲಿ?"

"ನಿಮ್ಮನ್ನ ಇಲ್ಲಿಂದ ಬಿಡೋಕಾಗುತ್ತೇನ್ರೀ? ಅದಕ್ಕೇ ವಾರಿಜಾನ ಕಳಿಸ್ತಿದೀನಿ."