ನಿಂತಲ್ಲೇ ಓಡುವ ಹುಡುಗಿ

"ಗೆರೆ ಎಷ್ಟು ಎಳೆದ್ರೂ ನಿನ್ನ ಹುಡುಗಿ ನಿಂತಲ್ಲೇ ನಿಂತಿದಾಳೆ ಕಣಮ್ಮಾ. ಓಡ್ತಾ ಇರೋದು ಗಾಳಿ ಮಾತ್ರ," ಎಂದರು ಸಂಪಾದಕರು ಫೋನಿನಲ್ಲಿ. "ಸಂಜೆಯೊಳಗೆ ಬೇರೆ ಚಿತ್ರ ಬರದಿದ್ರೆ ಆ ಪುಟಕ್ಕೆ ಪದಬಂಧ ಹಾಕಿಬಿಡ್ತೀನಿ. ಧಾರಾವಾಹಿನೂ ಬೇರೆಯವರಿಗೆ ಕೊಡಬೇಕಾಗತ್ತೆ."

ಚಿತ್ರಗಾರ್ತಿ ಮೇಜಿನ ಮೇಲಿನ ಹಾಳೆ ನೋಡಿದಳು. ಹೊರಟ ರೈಲನ್ನು ಹಿಡಿಯಲು ಓಡುವ ಹುಡುಗಿ. ಬೆನ್ನ ಹಿಂದೆ ಸಾಲುಸಾಲು ವೇಗದ ಗೆರೆಗಳು, ಹಿಮ್ಮಡಿಯ ಬಳಿ ದೂಳಿನ ಮೋಡ, ಹಣೆಯಿಂದ ಚಿಮ್ಮುವ ಬೆವರ ಹನಿ. ಮಕ್ಕಳ ವಾರಪತ್ರಿಕೆಗೆ ಚಿತ್ರಕಥೆ ಬರೆಯುತ್ತಾ ಕಲಿತ ಚಮತ್ಕಾರಗಳೆಲ್ಲ ಅಲ್ಲಿದ್ದವು. ಆದರೂ ಹುಡುಗಿ ಫೋಟೋ ತೆಗೆಸಿಕೊಳ್ಳಲು ಒಂದು ಕಾಲೆತ್ತಿ ನಿಂತವಳಂತೆ ಕಾಣುತ್ತಿದ್ದಳು.

ಅವಳಿಗೆ ಓಟವೆಂದರೇನೆಂಬುದೇ ಮರೆತುಹೋಗಿತ್ತು. ಅಮ್ಮ ಸ್ನಾನದ ಮನೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಈ ಮನೆಯಲ್ಲಿ ಯಾರೂ ಬಿರುಸಾಗಿ ಹೆಜ್ಜೆ ಹಾಕಿದ್ದಿಲ್ಲ. ಮೂಳೆ ಕೂಡಿ ತಿಂಗಳುಗಳಾಗಿದ್ದವು. ಡಾಕ್ಟರು ಗದರಿದ್ದೂ ಆಗಿತ್ತು. ಅಮ್ಮ ಮಾತ್ರ ವಾಕರ್ ಬಿಡಲು ಸುತರಾಂ ಒಪ್ಪುತ್ತಿರಲಿಲ್ಲ.

"ನೆಲ ಎಷ್ಟು ಗಟ್ಟಿ ಅಂತ ಬಿದ್ದವಳಿಗೆ ಗೊತ್ತು ಕಣೇ," ಎನ್ನುತ್ತಿದ್ದಳು.

ಸೆಕೆಯೆಂದು ಕಿಟಕಿ ತೆರೆದು ಮಗಳು ಕುಂಚ ತೊಳೆಯಲು ಹೋದಳು. ಗಾಳಿ ನುಗ್ಗಿತು. ಹಾಳೆಯನ್ನು ಎತ್ತಿಕೊಂಡು, ಕುರ್ಚಿಯಲ್ಲಿ ಕುಳಿತಿದ್ದ ಅಮ್ಮನ ಮೂಗಿನ ಮುಂದಿನಿಂದಲೇ ಹಾದು ಬಾಲ್ಕನಿಯತ್ತ ಹೊರಟಿತು.

"ಅಯ್ಯೋ, ನಿನ್ನ ಹುಡುಗಿ!"

ಮಗಳು ತಿರುಗಿ ನೋಡುವಷ್ಟರಲ್ಲಿ ವಾಕರ್ ಇದ್ದಲ್ಲೇ ಇತ್ತು, ಅಮ್ಮ ಇರಲಿಲ್ಲ. ಹಾಳೆಯ ಹಿಂದೆ ಓಡುತ್ತಿದ್ದಳು. ತಲೆ ಎಲ್ಲಕ್ಕಿಂತ ಮುಂದೆ, ಎದೆ ಅದರ ಹಿಂದೆ, ಸೊಂಟ ಇನ್ನೂ ಹಿಂದೆ. ಒಂದು ಚಪ್ಪಲಿಯಂತೂ ಕುರ್ಚಿಯ ಕೆಳಗೇ ಉಳಿದುಬಿಟ್ಟಿತ್ತು. ಇಡೀ ಮೈ ಇನ್ನೇನು ಮುಗ್ಗರಿಸಿತು ಎಂಬಂತೆ ವಾಲಿತ್ತು. ಮಗಳ ಜೀವ ಬಾಯಿಗೆ ಬಂತು.

ಅಮ್ಮ ಬೀಳಲಿಲ್ಲ. ಕಂಬಿಗಳ ಸಂದಿಯಲ್ಲಿ ನುಸುಳಲಿದ್ದ ಹಾಳೆಯನ್ನು ಬರಿಗಾಲಿನಿಂದ ಅದುಮಿ ನಿಂತು ಏದುಸಿರು ಬಿಟ್ಟಳು. ಆಮೇಲೆ ತನ್ನ ಕಾಲುಗಳನ್ನು, ಅವು ಬೇರೆ ಯಾರದೋ ಎಂಬಂತೆ, ನೋಡಿಕೊಂಡಳು. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿ, ಮೊದಲು ಅತ್ತು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಿನ್ನ ಹುಡುಗಿ ಮುಖದ ಮೇಲೇ ಕಾಲಿಟ್ಟೆನಲ್ಲೇ. ಚಿತ್ರ ಹಾಳಾಯ್ತು."

"ಹಾಳಾಗ್ಲಿ ಬಿಡಮ್ಮ," ಎಂದು ಮಗಳು ಹೊಸ ಹಾಳೆ ಎಳೆದುಕೊಂಡಳು. ಈ ಸಲ ಗೆರೆಯೂ ಇಲ್ಲ, ದೂಳೂ ಇಲ್ಲ. ಕಣ್ಣಿಗೆ ಕಟ್ಟಿದ್ದ ಆ ವಾಲಿದ ಮೈಯನ್ನಷ್ಟೇ ಓಡುವ ಹುಡುಗಿಗೆ ಕೊಟ್ಟು ಬರೆದು, ಫೋನಿನಲ್ಲಿ ಫೋಟೋ ತೆಗೆದು ಕಳಿಸಿದಳು.

ಕತ್ತಲಾಗುವ ಮುಂಚೆ ಸಂಪಾದಕರ ಫೋನ್ ಬಂತು. "ಏನಮ್ಮಾ ಇದು! ಎಲ್ಲಿ ಬಂದು ಡಿಕ್ಕಿ ಹೊಡೀತಾಳೋ ಅಂತ ನಾನೇ ಪಕ್ಕಕ್ಕೆ ಸರಿದೆ. ಪುಟ ಅಚ್ಚಿಗೆ ಹೋಯ್ತು, ನಿಶ್ಚಿಂತೆಯಾಗಿರು."

ಅಮ್ಮ ಕನ್ನಡಕ ಏರಿಸಿಕೊಂಡು ಚಿತ್ರವನ್ನು ತುಂಬಾ ಹೊತ್ತು ನೋಡಿದಳು.

"ನಾನು ಇಷ್ಟೊಂದು ವಾಲಿದ್ನಾ? ಹಾಗಾದ್ರೆ ಬೀಳಬೇಕಿತ್ತಲ್ಲೇ!"

"ಬೀಳಬೇಕಿತ್ತು," ಎಂದಳು ಮಗಳು. "ಅಷ್ಟರಲ್ಲಿ ಇನ್ನೊಂದು ಕಾಲು ಮುಂದೆ ಬಂತಲ್ಲ."