ಚೊಕ್ಕ ಮಾಡಿದ ನೆಲ

ಏಳನೆಯ ಚೀಲದ ಬಾಯಿಗೆ ಗಂಟು ಹಾಕಿ ಟಿಯಾನ ಸೊಂಟ ನೆಟ್ಟಗೆ ಮಾಡಿದಳು. ಓಕ್ ಮರಗಳ ಕೆಳಗಿನ, ಹೆಸರಿನ ಕಲ್ಲು ಒಂದೂ ಇಲ್ಲದ ಸ್ಮಶಾನ ಈಗ ಒಗೆದು ಹಾಸಿದ ಹಾಗಿತ್ತು. ಒಡೆದ ತಟ್ಟೆಗಳು, ಹಿಡಿ ಮುರಿದ ನೀಲಿ ಜಗ್ಗು, ಗಾಜಿಲ್ಲದ ಲಾಟೀನು, ನಿಂತುಹೋದ ಅಲಾರಾಂ ಗಡಿಯಾರ, ರಾಶಿ ರಾಶಿ ಕಡಲ ಚಿಪ್ಪು, ಎಲ್ಲ ಚೀಲ ಸೇರಿದ್ದವು. ಬರುವವರು ಎಡವಬಾರದೆಂದು ತಗ್ಗುಗಳಿಗೆಲ್ಲ ಮರಳು ತುಂಬಿ ಸಮ ಮಾಡಿದ್ದಳು. ಪಕ್ಕದ ರೆಸಾರ್ಟಿಗೆ ಬಂದವರು ನಮ್ಮ ಸತ್ತವರ ಮೇಲೆ ಕಸ ಎಸೆದು ಹೋಗುತ್ತಾರಲ್ಲ ಎಂಬ ಸಿಟ್ಟಿನಲ್ಲಿ ಹಸಿವೂ ಗೊತ್ತಾಗಿರಲಿಲ್ಲ.

ಬರುವವಳು ಕೌಂಟಿ ಸಮಿತಿಯ ಮಿಸಸ್ ಹಾಲ್ಡನ್. ದೇಶ ಹುಟ್ಟಿ ಇನ್ನೂರೈವತ್ತು ವರ್ಷ ತುಂಬುತ್ತದೆಂದು ಸಮಿತಿಯವರು ಹಳೆಯ ಜಾಗಗಳ ಪಟ್ಟಿ ಮಾಡುತ್ತಿದ್ದರು. ಪಟ್ಟಿಗೆ ಸೇರಿದರೆ ಬೇಲಿ, ಫಲಕ. ಸೇರದಿದ್ದರೆ ರೆಸಾರ್ಟಿನ ಹೊಸ ರಸ್ತೆ ಇದರ ಮೇಲೆಯೇ ಹಾದುಹೋಗುತ್ತದೆ. ಶಾಲೆಯ ಚರಿತ್ರೆ ಪುಸ್ತಕದಲ್ಲಿ ಈ ಊರಿಗೆ ಅರ್ಧ ಪುಟವಿತ್ತು: ಭತ್ತದ ಗದ್ದೆ ಮಾಡಿಸಿದ ಬಿಳಿಯ ದೊರೆ, ಅವನ ಬಂಗಲೆ, ಬಂಗಲೆಯ ಕಂಬಗಳ ಎತ್ತರ. “ಗದ್ದೆಗೆ ಕಾಲುವೆ ತೋಡಿದ್ದು ಯಾರು ಮೇಡಂ?” ಎಂದು ಟಿಯಾನ ಕೇಳಿದ್ದಳು. “ಆ ಗುಲಾಮರ ಹೆಸರು ಎಲ್ಲೂ ದಾಖಲಾಗಿಲ್ಲಮ್ಮ” ಎಂದು ಟೀಚರು ಪುಟ ಮಗುಚಿದ್ದರು. ಅವತ್ತು ಸಂಜೆಯೇ ಅವಳು ಸಮಿತಿಗೆ ಬರೆದಳು: ಈ ದೇಶ ದೇಶವಾಗುವುದಕ್ಕೆ ಮೊದಲೇ ನಾವು ಇಲ್ಲಿದ್ದೆವು, ಬಂದು ನೋಡಿ. ಹದಿನೈದರ ಹುಡುಗಿಯ ಕಾಗದಕ್ಕೆ ಉತ್ತರ ಬರುತ್ತದೆಂದು ಅವಳೇ ನಂಬಿರಲಿಲ್ಲ.

ಅಜ್ಜಿ ಓಡೆಸ್ಸಾ ಭಾನುವಾರ ಚರ್ಚಿಗೆ ಹಾಕುವ ಟೋಪಿ ಇಟ್ಟುಕೊಂಡು ಬಂದಳು. ಪೊರೆ ಬಂದ ಕಣ್ಣುಗಳನ್ನು ಕಿರಿದು ಮಾಡಿ ನೋಡಿ ನಕ್ಕಳು. “ಇದೇನೇ ಇದು! ನಿಮ್ಮ ಸವಾನಾ ಪಟ್ಣದಲ್ಲಿ ಸತ್ತೋರಿಗೂ ಕ್ಷೌರ ಮಾಡಿಸ್ತಾರಾ?”

“ಒಬ್ಬಳೇ ಮಾಡಿದ್ದು ಅಜ್ಜಿ. ನಿನಗೆ ಹೇಳದೇ ಇದ್ದಿದ್ದೇ ಅದಕ್ಕೆ. ಚೆನ್ನಾಗಿದೆ ಅಲ್ವಾ?”

ಅಜ್ಜಿ ಮೂರು ಹೆಜ್ಜೆ ನಡೆದಳು. ನಿಂತಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು.

“ಟಿಯಾನ, ನನ್ನ ಅಮ್ಮ ಎಲ್ಲಿ?”

“ಅಜ್ಜಿ?”

“ಅಮ್ಮನ ನೀಲಿ ಜಗ್ಗು ಕಣೇ. ಕೊನೇ ದಿನ ಅದರಲ್ಲೇ ಅವಳಿಗೆ ನೀರು ಕುಡಿಸಿದ್ದು. ನಾನೇ ಹಿಡಿ ಮುರಿದು ಗೋರಿ ಮೇಲೆ ಅವಳ ಎದೆ ನೇರಕ್ಕೆ ಇಟ್ಟಿದ್ದೆ.”

“ನೀನೇ ಯಾಕೆ ಮುರಿದೆ?”

“ಸರಪಳಿ ಕಡೀಲಿ ಅಂತ. ಇಲ್ಲಾಂದ್ರೆ ಸತ್ತೋರ ಹಿಂದೇನೇ ಮನೆಯೋರೂ ಒಬ್ಬೊಬ್ಬರಾಗಿ ಹೊರಡ್ತಾರೆ.” ಅಜ್ಜಿಯ ದನಿ ಸಣ್ಣದಾಯಿತು. “ಲಾಟೀನು ಅಂದ್ರೆ ಐಸಾಕ್ ಮಾವ. ಗಡಿಯಾರ ಅಂದ್ರೆ ಸೂಲಗಿತ್ತಿ ಹ್ಯಾಗರ್. ಬರೀ ಚಿಪ್ಪು ಇದ್ರೆ, ನಮ್ಮೋರನ್ನ ಹಡಗಲ್ಲಿ ಹಿಡ್ಕೊಂಡು ತಂದ್ರಲ್ಲ, ಆ ಹಳಬರು. ಏನು ಮಾಡಿದೆ ಮಗೂ?”

“ಕಸ ಅಂದ್ಕೊಂಡೆ… ಆ ರೆಸಾರ್ಟ್‌ನೋರು ಎಸೆದಿದ್ದು ಅಂತ… ನೀನು ಯಾವತ್ತೂ ಹೇಳೇ ಇಲ್ವಲ್ಲ!”

ಹೇಳುವ ಪದ್ಧತಿ ಅಲ್ಲಿರಲಿಲ್ಲ. ಮಕ್ಕಳು ಸ್ಮಶಾನದ ಕಡೆ ಸುಳಿಯಬಾರದು, ಅಲ್ಲಿಯ ವಸ್ತುಗಳ ಸುದ್ದಿ ಎತ್ತಬಾರದು. ಇಲ್ಲೇ ಹುಟ್ಟಿ ಬೆಳೆದವರಿಗೆ ಒಂದೊಂದು ಸಾವು ಒಂದೊಂದಿಷ್ಟು ತಿಳಿಸಿಕೊಡುತ್ತಿತ್ತು. ಟಿಯಾನ ಸವಾನಾದಿಂದ ಬಂದು ಒಂದು ವರ್ಷವಾಗಿತ್ತು, ಆ ವರ್ಷ ಯಾರೂ ಸತ್ತಿರಲಿಲ್ಲ.

ಟಿಯಾನ ಚೀಲಗಳ ಮೇಲೆ ಬಿದ್ದು ಅವುಗಳನ್ನು ಹರಿದಳು. “ಎಲ್ಲಾ ಇದೆ ಅಜ್ಜಿ, ಒಂದನ್ನೂ ಬಿಸಾಕಿಲ್ಲ. ತಗೋ, ಜಗ್ಗು. ಇದು ಈ ಮರದ ಬುಡದಲ್ಲಿ… ಅಲ್ಲ, ಆ ಮರದ…” ಕೈಯಲ್ಲಿ ಜಗ್ಗು ಹಿಡಿದು ಮರದಿಂದ ಮರಕ್ಕೆ ಓಡಿದಳು. ತಾನೇ ತುಂಬಿದ ಮರಳು ಎಲ್ಲ ಕಡೆ ಒಂದೇ ಥರ ಬೆಳ್ಳಗಿತ್ತು. ಎಲ್ಲವೂ ಇತ್ತು. ಯಾವುದು ಎಲ್ಲಿತ್ತು ಎಂಬುದೊಂದೇ ಇರಲಿಲ್ಲ.

“ಲಾಟೀನಿನಿಂದ ನಾಲ್ಕು ಹೆಜ್ಜೆಗೆ ಅಮ್ಮ,” ಅಜ್ಜಿ ತನಗೆ ತಾನೇ ಹೇಳಿಕೊಂಡಳು. “ಅಮ್ಮನ ಎಡಗಡೆ ನನ್ನ ಜಾಗ.”

ಕಾರಿನ ಬಾಗಿಲು ಬಡಿದ ಸದ್ದಾಯಿತು. ಮಿಸಸ್ ಹಾಲ್ಡನ್ ಕಂಕುಳಲ್ಲಿ ಕಾಗದದ ಸುರುಳಿ, ಕೈಯಲ್ಲಿ ತಂತಿಗೆ ಸಿಕ್ಕಿಸಿದ ಪುಟ್ಟ ಹಳದಿ ಬಾವುಟಗಳ ಕಟ್ಟು ಹಿಡಿದು ಬಂದಳು. ಒಳ್ಳೆಯ ಹೆಂಗಸು, ಮುಖ ಅರಳಿತ್ತು. “ಅಬ್ಬಾ, ಎಷ್ಟು ಚೊಕ್ಕವಾಗಿ ಇಟ್ಕೊಂಡಿದ್ದೀರಿ! ಬೇರೆ ಕಡೆ ಮುಳ್ಳಲ್ಲಿ ನುಗ್ಗಿ ನುಗ್ಗಿ ನನಗೆ ಸಾಕಾಗಿತ್ತು. ಈ ಹುಡುಗಿ ಏನು ಕಾಗದ ಬರೆದಿದ್ದಾಳೆ ಅಂತೀರಿ! ಸಮಿತಿಯೋರೆಲ್ಲ ಓದಿದ್ರು.” ಟಿಯಾನ ಜಗ್ಗನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಮಿಸಸ್ ಹಾಲ್ಡನ್ ಬಾವುಟಗಳನ್ನು ಅಜ್ಜಿಯತ್ತ ಚಾಚಿದಳು. “ಇನ್ನೇನಿಲ್ಲ ಅಮ್ಮ, ಒಂದೊಂದು ಸಮಾಧಿಗೂ ಒಂದೊಂದು ಬಾವುಟ ಚುಚ್ಚಿ, ಹೆಸರು ಹೇಳ್ತಾ ಹೋಗಿ. ನಾನು ನಕ್ಷೆ ಬರ್ಕೋತೀನಿ. ನಕ್ಷೆ ಆದ್ರೆ ಪಟ್ಟಿಗೆ ಸೇರಿದ ಹಾಗೇ.”

ಅಜ್ಜಿ ಬಾವುಟಗಳ ಕಟ್ಟನ್ನು ತೆಗೆದುಕೊಂಡಳು. ಬಗ್ಗಿ, ಒಂದಾದ ಮೇಲೊಂದು ಶೂ ಬಿಚ್ಚಿ ಬದಿಗಿಟ್ಟಳು. ಬಲಗಾಲನ್ನು ಎತ್ತಿದಳು. ಎತ್ತಿದ ಕಾಲು ಮರಳಿಗೆ ತಾಗದೆ ಗಾಳಿಯಲ್ಲೇ ನಿಂತಿತು.

“ಎಲ್ಲಿ ಇಡಲಿ, ಮಗೂ?”